ಭಿನ್ನ ಕಲ್ಲಿನ ಸಹವಾಸ

ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರನಿಗೆ ಒಂದು ಸುತ್ತು ಹಾಕಿ, ನಂದಿಯ ಮುಂದೆ ಫೋಟೋ ತೆಗೆಸಿಕೊಂಡು, ಎಳನೀರು ಕುಡಿದು ಬೇಲೂರಿನ ಬಸ್ಸು ಹಿಡಿಯುತ್ತಾರೆ. ಅದೇ ಆವರಣದ ವಸ್ತುಸಂಗ್ರಹಾಲಯದ ಕಡೆ ತಿರುಗುವವರು ಕಡಿಮೆ. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲವೆಂಬುದು ನಮ್ಮ ರೂಢಿ. ಪೂಜೆ ತಪ್ಪಿದ್ದರ ಜೊತೆಗೆ ನೋಟವೂ ತಪ್ಪಿತು. ನಾನಾದರೋ, ಹೊಯ್ಸಳ ಶಿಲ್ಪದ ರುಚಿ ಹತ್ತಬೇಕಾದರೆ ಮೊದಲು ಈ ಮುರುಕುಗಳ ಹತ್ತಿರವೇ ಹೋಗಬೇಕೆನ್ನುತ್ತೇನೆ. ಗುಡಿಯ ಗೋಡೆಯೆಂದರೆ ಜಾತ್ರೆ: ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕತೆ. ಎಲ್ಲವನ್ನೂ ನೋಡಹೊರಟ ಕಣ್ಣು ಯಾವುದನ್ನೂ ನೋಡದೆ ದಾಟುತ್ತದೆ. ಇಲ್ಲಿ ಒಂದೇ ವಿಗ್ರಹ, ಕಣ್ಣಿನ ಮಟ್ಟಕ್ಕೆ. ಕೈ ಮುರಿದ ಕಡೆ ಬಗ್ಗಿದರೆ ಶಿಲ್ಪಿಯ ಗುಟ್ಟೇ ಹೊರಬಿದ್ದಂತೆ: ಹೊರಗೆ ಎಣ್ಣೆ ಸವರಿದಂಥ ಹೊಳಪು, ಒಳಗೆ ಬೂದುಬಣ್ಣದ ತರಿತರಿ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಗಟ್ಟಿಯಾಗುವ ಕಲ್ಲಾದ್ದರಿಂದಲೇ ಕೊರಳ ಹಾರಕ್ಕೂ ಎದೆಗೂ ನಡುವೆ ನೆರಳು ಕೂರುವಷ್ಟು ಸಂದು ಕೊರೆಯಲು ಸಾಧ್ಯವಾಯಿತು.

ಮುರಿದದ್ದನ್ನು ಕಂಡರೆ ಹೊಟ್ಟೆಯುರಿಯುತ್ತದೆ, ಸವಿಯುವುದೆಲ್ಲಿ ಬಂತು ಎನ್ನುವವರಿದ್ದಾರೆ. 1311ರ ಮಲಿಕ್ ಕಾಫರನ ದಾಳಿ ಸುಳ್ಳಲ್ಲ. ಆದರೆ ಪ್ರತಿ ಮೊಂಡು ಮೂಗನ್ನೂ ಅವನ ಲೆಕ್ಕಕ್ಕೇ ಬರೆದರೆ ಇತಿಹಾಸ ಸುಲಭವಾಗಿಬಿಡುತ್ತದೆ. ಅಲ್ಲೇ ಸಮೀಪದ ಕೇದಾರೇಶ್ವರದ ಶಿಖರವನ್ನು ಹಾಳುಮಾಡಿದ್ದು ಸೈನ್ಯವಲ್ಲ, ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಮೇಲೆ ಬೆಳೆದ ಮರದ ಬೇರು. ಕತ್ತಿಗಿಂತ ಅಲಕ್ಷ್ಯಕ್ಕೆ ಪುರುಸೊತ್ತು ಹೆಚ್ಚು.

ಇನ್ನೊಂದು ಆಕ್ಷೇಪಕ್ಕೆ ನಾನು ಅರ್ಧ ಸೋಲುತ್ತೇನೆ: ಜಾಗ ತಪ್ಪಿದ ಶಿಲ್ಪ ಅರ್ಧ ಶಿಲ್ಪ. ಹೌದು. ಗೋಡೆಯಿಂದ ಕಳಚಿದ ದೇವತೆಗೆ ಅಕ್ಕಪಕ್ಕದವರಿಲ್ಲ, ಬೆಳಗಿನ ಓರೆಬಿಸಿಲಿಲ್ಲ. ಆ ಕೊರತೆ ತುಂಬಲಿಕ್ಕೇ ಜಾವಗಲ್ ದಾರಿಯಲ್ಲಿ ಅರಸೀಕೆರೆಗೆ ಬರಬೇಕು. ರೈಲು ಬದಲಿಸಲು, ತೆಂಗಿನಕಾಯಿ ವ್ಯಾಪಾರಕ್ಕೆ ಎಂದಷ್ಟೇ ಹೆಸರಾದ ಊರಿನಲ್ಲಿ ಸುಮಾರು 1220ರಲ್ಲಿ ಕಟ್ಟಿದ ಶಿವಾಲಯವಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಸೇರಿದ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಇದಿಲ್ಲ; ಇಲ್ಲದಿದ್ದರೇನು, ಪಟ್ಟಿ ಕಾಪಾಡಲಿಕ್ಕೆ, ಊಟದ ಮೆನು ಅಲ್ಲವಲ್ಲ. ಇದರ ಮುಂದಿನ ತೆರೆದ ಮಂಟಪ ನಕ್ಷತ್ರದಾಕಾರದ್ದು. ಕಂಬಗಳು ಮೂಲೆಮೂಲೆಗೆ ತಿರುಗಿ ನಿಂತಿರುವುದರಿಂದ ಬೆಳಕು ಒಂದೇ ಸಲ ಎಲ್ಲದರ ಮೇಲೂ ಬೀಳುವುದಿಲ್ಲ. ಒಂದು ಕಂಬ ಮಿಂಚಿದಾಗ ಪಕ್ಕದ್ದು ಇನ್ನೂ ಮಬ್ಬು. ಹಳೇಬೀಡಿನ ಸಂಗ್ರಹಾಲಯದಲ್ಲಿ ಒಂಟಿಯಾಗಿ ನಿಂತ ತುಣುಕಿಗೆ ಒಮ್ಮೆ ಎಂಥ ಮನೆಯಿತ್ತೆಂಬುದು ಹೊಳೆಯುವುದು ಇಲ್ಲಿನ ಜಗಲಿಯ ಮೇಲೆ ಕೂತಾಗ. ಒಳಗೆ ದೀಪ ಉರಿಯುತ್ತಿರುತ್ತದೆ, ಈ ಶಿವನಿಗೆ ಪೂಜೆ ನಿಂತಿಲ್ಲ.