ತಲೆಬರಹ

ಊರಿಗೆ ಕಾಗದ ಬರೆಯುವಾಗ ತಲೆಯಲ್ಲಿ ‘ಶ್ರೀ’ ಹಾಕಿ, ‘ಕ್ಷೇಮ’ವೆಂದು ಬರೆದ ಮೇಲೆಯೇ ಮಿಕ್ಕ ವಿಷಯ ಎಂಬುದು ನನ್ನ ತಂದೆಯವರ ಶಿಸ್ತು. ಕಂಪ್ಯೂಟರಿನ ಬ್ರೌಸರಿಗೂ ಇಂಥದೇ ಶಿಸ್ತುಂಟೆಂದು ಮೊನ್ನೆ ತಿಳಿಯಿತು. ಪುಟವೊಂದನ್ನು ಬೇಡುವಾಗಲೆಲ್ಲ ಅದು ನಮ್ಮ ಕಣ್ಣಿಗೆ ಬೀಳದ ಕೆಲವು ತಲೆಬರಹಗಳನ್ನು ಜೊತೆಗೆ ಕಳಿಸುತ್ತದೆ. ‘ಆಕ್ಸೆಪ್ಟ್-ಲ್ಯಾಂಗ್ವೇಜ್’ ಅವುಗಳಲ್ಲೊಂದು: ಯಾವ ಭಾಷೆ ಬೇಕೆಂದು ಹೇಳುವ ಸಾಲು. 1996ರ ನಿಯಮಾವಳಿಯಲ್ಲೇ ಅದಕ್ಕೆ ಸ್ಥಾನವಿತ್ತು.

ಮುಂಬಯಿಯ ನಮ್ಮ ಮನೆಯಿಂದ ಇಷ್ಟು ವರ್ಷ ಹೋದದ್ದು ‘ಇಂಗ್ಲಿಷ್’ ಎಂದೇ! ಮೊಮ್ಮಗಳು ಕಾಲೇಜಿನ ಕೆಲಸಕ್ಕೆಂದು ಬ್ರೌಸರಿಗೆ ಒಂದು ಎಕ್ಸ್‌ಟೆನ್ಶನ್ ಜೋಡಿಸಿದ್ದಳು. ಅದರಲ್ಲಿ ಆ ಸಾಲನ್ನು ತಿದ್ದಿ ‘ಕೆಎನ್’, ಅಂದರೆ ಕನ್ನಡ, ಎಂದು ಬರೆದಳು. ಕೆಲವು ತಾಣಗಳು ಇಂಗ್ಲಿಷಿನಲ್ಲೇ ಉಳಿದವು. ಕನ್ನಡ ಪುಟವನ್ನೇ ಮಾಡದವರು ಕೊಡುವುದೆಲ್ಲಿಂದ? ಒಂದು ಮಾತ್ರ ಥಟ್ಟನೆ ಕನ್ನಡದಲ್ಲಿ ತೆರೆಯಿತು. ನಾನು ಹಿಗ್ಗಿಹೋದೆ.

ಅವಳು ಪರದೆ ನೋಡಿ, “ಅಜ್ಜಾ, ಇದರಲ್ಲಿ ಏನು ಬರೆದಿದೆ?” ಎಂದಳು.

ಇಂಥ ಎಕ್ಸ್‌ಟೆನ್ಶನ್‌ಗಳಿಗೆ ನಾವು ತೆರೆಯುವ ಪುಟಗಳನ್ನೆಲ್ಲ ಓದುವ ಅನುಮತಿ ಸಾಮಾನ್ಯವಾಗಿ ಕೊಟ್ಟಿರುತ್ತೇವೆಂದು, ಕೆಲಸ ಮುಗಿದೊಡನೆ ಅವಳು ಅದನ್ನು ತೆಗೆದುಹಾಕಿದಳು. ಭಾಷೆಯನ್ನು ಬ್ರೌಸರಿನ ಸೆಟ್ಟಿಂಗಿನಲ್ಲೇ ಬದಲಿಸಬಹುದಂತೆ; ನನ್ನ ಒತ್ತಾಯಕ್ಕೆ ಅಲ್ಲಿ ಕನ್ನಡ ಇಟ್ಟಳು. ಕನ್ನಡ ಬೇಕೆಂದು ಯಂತ್ರವೇನೋ ಕೇಳೀತು, ಓದಬೇಕಾದವರು ಮನೆಯವರಲ್ಲವೆ?

ಈಗ ರಾತ್ರಿ ಊಟವಾದ ಮೇಲೆ ಇಬ್ಬರೂ ಸ್ಲೇಟು ಹಿಡಿದು ಕೂರುತ್ತೇವೆ. ಕಾಗುಣಿತದವರೆಗೆ ಬಂದಿದ್ದೇವೆ.