ಗುಂಡು ಹಾರಿಸಲು ಎದ್ದು ನಿಲ್ಲಬೇಕಿತ್ತು

ಮೊದಲ ಮಹಾಯುದ್ಧದ ಬ್ರಿಟಿಷ್ ವಿಮಾನ ಎಫ್.ಇ.2ಬಿ ನೋಡಲು ವಿಚಿತ್ರ. ಎಂಜಿನ್ನೂ ಪ್ರೊಪೆಲ್ಲರೂ ಹಿಂದೆ. ಮುಂದೆ ಸ್ನಾನದ ತೊಟ್ಟಿಯಂಥ ತೆರೆದ ಗೂಡು. ಅದರ ತುದಿಯಲ್ಲಿ ಲೂಯಿಸ್ ಮಷಿನ್ ಗನ್ ಹಿಡಿದ ಅಬ್ಸರ್ವರ್, ಅವನ ಹಿಂದೆ ತುಸು ಎತ್ತರದಲ್ಲಿ ಪೈಲಟ್. ತಿರುಗುವ ಪ್ರೊಪೆಲ್ಲರ್ ನಡುವೆ ಗುಂಡು ತೂರಿಸುವ ಸಾಧನ 1915ರಲ್ಲಿ ಜರ್ಮನ್ನರಿಗೆ ಸಿಕ್ಕಿತ್ತು, ಬ್ರಿಟಿಷರಿಗೆ ಇನ್ನೂ ಇಲ್ಲ. ಪ್ರೊಪೆಲ್ಲರನ್ನೇ ಹಿಂದಕ್ಕೆ ಹಾಕಿದರೆ ತಂಟೆಯೇ ಇಲ್ಲವಲ್ಲ!

ಮುಂದೇನೋ ಸರಿ. ಶತ್ರು ಹಿಂದಿನಿಂದ ಬಂದರೆ?

ಅದಕ್ಕೆಂದು ಇಬ್ಬರ ನಡುವೆ ಕಂಬವೊಂದರ ಮೇಲೆ ಇನ್ನೊಂದು ಲೂಯಿಸ್ ಗನ್. ಮೇಲಿನ ರೆಕ್ಕೆಯ ಆಚೆ ಗುರಿಯಿಡಲು ಅಬ್ಸರ್ವರ್ ಸೀಟು ಬಿಟ್ಟು ಮೇಲೆದ್ದು, ಹಿಂದಕ್ಕೆ ತಿರುಗಿ ನಿಲ್ಲುತ್ತಿದ್ದ. ಕಾಲಷ್ಟೇ ಗೂಡಿನೊಳಗೆ, ಮೈಯೆಲ್ಲ ಗಾಳಿಗೆ. ಬೆನ್ನಿಗೆ ಪ್ಯಾರಾಚೂಟಿಲ್ಲ, ಹಿಡಿದುಕೊಳ್ಳಲು ಆ ಗನ್ನೇ ಗತಿ. ಆಗಲೇ ಪೈಲಟ್ ಗಕ್ಕನೆ ತಿರುವು ತೆಗೆದುಕೊಂಡರೆ? ತುಂಬಿದ ಬಸ್ಸಿನ ಫುಟ್‌ಬೋರ್ಡ್ ಮೇಲೆ ಜೋತಾಡಿದವರಿಗೆ ಇದರ ನೂರನೇ ಒಂದು ಪಾಲು ಅಂದಾಜಾದೀತು.

ಪ್ಯಾರಾಚೂಟ್ ಆಗ ಇರಲೇ ಇಲ್ಲವೆಂದಲ್ಲ. ಬಲೂನಿನಲ್ಲಿ ಕೂತು ಶತ್ರುವಿನ ಚಲನವಲನ ನೋಡುವವರಿಗೆ ಬ್ರಿಟಿಷ್ ಸೇನೆ ಕೊಟ್ಟಿತ್ತು. ವಿಮಾನದವರಿಗೆ ಯುದ್ಧ ಮುಗಿದರೂ ಸಿಗಲಿಲ್ಲ. ಜರ್ಮನ್ ಪೈಲಟ್‌ಗಳಿಗೆ 1918ರಲ್ಲಿ ಸಿಕ್ಕಿತು.

ಇಷ್ಟಾಗಿಯೂ ಈ ತೊಟ್ಟಿ ವಿಮಾನವನ್ನು ಹಗುರವಾಗಿ ಕಾಣುವಂತಿರಲಿಲ್ಲ. ಜರ್ಮನಿಯ ಹೆಸರಾಂತ ಪೈಲಟ್ ಮ್ಯಾಕ್ಸ್ ಇಮ್ಮೆಲ್‌ಮನ್ 1916ರ ಜೂನ್ 18ರಂದು ಸತ್ತದ್ದು ಎಫ್.ಇ.2ಬಿಗಳ ಜೊತೆಗಿನ ಕಾದಾಟದಲ್ಲೇ. ಬ್ರಿಟಿಷರು ಆ ಕೀರ್ತಿಯನ್ನು ಮೆಕ್‌ಕಬಿನ್ ಎಂಬ ಪೈಲಟ್‌ಗೂ ವಾಲರ್ ಎಂಬ ಗನ್ನರ್‌ಗೂ ಕೊಟ್ಟರು. ಜರ್ಮನ್ನರು ಒಪ್ಪಲಿಲ್ಲ. ಗನ್ನಿನ ತಾಳ ತಪ್ಪಿ ಇಮ್ಮೆಲ್‌ಮನ್ ತನ್ನದೇ ಪ್ರೊಪೆಲ್ಲರಿಗೆ ಗುಂಡು ಹೊಡೆದುಕೊಂಡ ಎಂಬ ಮಾತು ಅವರಲ್ಲಿತ್ತು.