ಊರು ಕಟ್ಟುವುದನ್ನು ಕಲಿಯಲು ಹೋದವಳು

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳ ಮಕ್ಕಳು ಹೊರದೇಶಕ್ಕೆ ಓದಲು ಹೊರಡುವ ಸುದ್ದಿ ಮೇಲಿಂದ ಮೇಲೆ ಕಿವಿಗೆ ಬೀಳುತ್ತಿದೆ. ಏನು ಓದುವೆ ಎಂದು ಕೇಳಿದರೆ ಸಾಮಾನ್ಯವಾಗಿ ಕಂಪ್ಯೂಟರು, ಇಲ್ಲವೆ ಎಂ.ಬಿ.ಎ. ಆದ್ದರಿಂದ ನಮ್ಮ ರಾಮದುರ್ಗದ ನೇಕಾರರ ಓಣಿಯ ಹುಡುಗಿಯೊಬ್ಬಳು 2018ರಲ್ಲಿ ನೆದರ್ಲೆಂಡ್ಸ್ ದೇಶಕ್ಕೆ ಹೋಗಿ ನಗರ ನಿರ್ವಹಣೆ ಮತ್ತು ಅಭಿವೃದ್ಧಿ ಎಂಬ ವಿಷಯವನ್ನು ಕಲಿತು ಬಂದ ಸಂಗತಿಯನ್ನು ಬರೆದಿಡಬೇಕೆನಿಸಿತು. ಆಕೆ ನನ್ನಲ್ಲಿ ಮೂರು ವರ್ಷ ಸಮಾಜ ವಿಜ್ಞಾನ ಕಲಿತವಳು. ಹೆಸರು ಬರೆಯಬಾರದೆಂದು ಹೇಳಿದ್ದಾಳೆ. ಸಹಪಾಠಿಗಳಾದ ನಿಮಗೆ ಗುರುತು ಸಿಕ್ಕರೂ ಸುಮ್ಮನಿರತಕ್ಕದ್ದು.

ಅವಳ ತಂದೆಯದು ಕುಣಿಮಗ್ಗ. ಒಂದು ಸಂಜೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು, “ಗುರುಗಳ, ಹುಡುಗಿ ಊರು ಕಟ್ಟೂದು ಕಲೀಲಿಕ್ಕೆ ಪರದೇಶಕ್ಕ ಹೊಕ್ಕೀನಿ ಅಂತಾಳ್ರಿ. ನಮ್ಮ ಊರು ಯಾವಾಗೋ ಕಟ್ಟಿ ಮುಗದೈತಲ್ಲರಿ?” ಎಂದರು. ನಗು ಬಂತು, ಆದರೆ ಪ್ರಶ್ನೆ ಸಣ್ಣದಲ್ಲ. ಅದರ ಹಿಂದೆ ಇನ್ನೊಂದಿತ್ತು. ಆಗ ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಆಸ್ತಿಯನ್ನು ಒತ್ತೆ ಇಡಬೇಕಿತ್ತು. ಅವರಲ್ಲಿದ್ದ ಆಸ್ತಿಯೆಂದರೆ ಹೊಳೆಯ ಕಡೆಗಿನ ಮನೆಯೊಂದೇ. ಒಂದು ಬ್ಯಾಂಕಿನವರು ಮೂರು ಸಲ ಅಲೆಸಿ ಇಲ್ಲವೆಂದರು. ಇನ್ನೊಂದು ಬ್ಯಾಂಕು ಮನೆಯ ಕಾಗದ ಇಟ್ಟುಕೊಂಡು ಸಾಲ ಕೊಟ್ಟಿತು.

ಈ ವಿಷಯದ ಹುಚ್ಚು ಅವಳಿಗೆ ಹಿಡಿದದ್ದು ಬಾಗಲಕೋಟೆಯಲ್ಲಿ. ಅಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುವಾಗ ಅವಳ ವಾಸ ನವನಗರದಲ್ಲಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಭಾಗ ಮುಳುಗುವುದೆಂದು ಗೊತ್ತಾದಾಗ, ಎತ್ತರದಲ್ಲಿ ಹೊಸ ಊರನ್ನೇ ಕಟ್ಟಿದ್ದನ್ನು ನೀವೆಲ್ಲ ಬಲ್ಲಿರಿ. ಅದರ ನಕ್ಷೆ ಹಾಕಿದವರು ಚಾರ್ಲ್ಸ್ ಕೊರಿಯಾ. 1950ರ ದಶಕದಲ್ಲಿ ಅಮೆರಿಕದ ಮಿಷಿಗನ್ ಮತ್ತು ಎಂ.ಐ.ಟಿ.ಗಳಲ್ಲಿ ಓದಿ ಬಂದವರು. ನಾವು ಬಾಗಲಕೋಟೆಗೆ ಬೀಗರ ಮನೆಗೆಂದು ಎಷ್ಟೋ ಸಲ ಹೋಗಿದ್ದೇವೆ, ಸೆಕ್ಟರ್ ನಂಬರು ಹುಡುಕಿ ಬೇಸತ್ತಿದ್ದೇವೆ. ಊರಿಗೂ ಒಬ್ಬ ಶಿಲ್ಪಿ ಇರುತ್ತಾನೆಂದು ಯಾರಿಗೆ ಹೊಳೆದಿತ್ತು? ಅವಳಿಗೆ ಹೊಳೆಯಿತು. ರಸ್ತೆ, ನೀರು, ಗಟಾರು ಎಲ್ಲವೂ ಅಚ್ಚುಕಟ್ಟಾಗಿದ್ದರೂ ಹಳೆಯ ಊರಿನವರು ಹಳೆಯ ಓಣಿಯನ್ನು ನೆನೆದು ನಿಟ್ಟುಸಿರು ಬಿಡುವುದೇಕೆ ಎಂಬುದು ಅವಳಿಗೆ ಹತ್ತಿದ ಪ್ರಶ್ನೆ.

ಅವಳು ಸೇರಿದ್ದು ರಾಟರ್‌ಡ್ಯಾಮಿನ ಇರಾಸ್ಮಸ್ ವಿಶ್ವವಿದ್ಯಾಲಯದ ಇನ್‌ಸ್ಟಿಟ್ಯೂಟ್ ಫಾರ್ ಹೌಸಿಂಗ್ ಆ್ಯಂಡ್ ಅರ್ಬನ್ ಡೆವಲಪ್‌ಮೆಂಟ್ ಸ್ಟಡೀಸ್ ಎಂಬ ಸಂಸ್ಥೆಯನ್ನು. 1958ರಲ್ಲಿ ಆರಂಭವಾದ ಈ ಸಂಸ್ಥೆಗೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದವರೇ ಹೆಚ್ಚಾಗಿ ಬರುತ್ತಾರೆ. ಇಂಜಿನಿಯರುಗಳೇ ಆಗಬೇಕೆಂದಿಲ್ಲ, ಅರ್ಥಶಾಸ್ತ್ರ, ಭೂಗೋಳ ಓದಿದವರೂ ಇರುತ್ತಾರೆ. ಒಂದು ವರ್ಷದ ಓದು. ಮೈಸೂರು ವಿಶ್ವವಿದ್ಯಾಲಯದಲ್ಲಿ, ಅಹಮದಾಬಾದಿನಲ್ಲಿ, ದೆಹಲಿಯಲ್ಲಿಯೂ ನಗರ ಯೋಜನೆಯನ್ನು ಕಲಿಸುತ್ತಾರೆ. ಅಲ್ಲಿಯೇ ಕಲಿಯಬಹುದಿತ್ತಲ್ಲ ಎಂದು ನಾನೂ ಕೇಳಿದ್ದೆ. “ಸಮುದ್ರಕ್ಕಿಂತ ತೆಳಗ ಕುಂತ ಊರು ನೋಡಬೇಕ್ರಿ ಸರ್” ಎಂದಳು.

ಅಲ್ಲಿಂದ ಅವಳು ಬರೆಯುತ್ತಿದ್ದುದು ದೊಡ್ಡ ಕಟ್ಟಡಗಳ ಬಗೆಗಲ್ಲ. ಬೆಂಥೆಮ್‌ಪ್ಲೈನ್ ಎಂಬಲ್ಲಿ 2013ರಲ್ಲಿ ತೆರೆದ ಒಂದು ಚೌಕವಿದೆಯಂತೆ. ಒಣ ದಿನಗಳಲ್ಲಿ ಅದು ಹುಡುಗರ ಬಾಸ್ಕೆಟ್‌ಬಾಲ್ ಅಂಗಳ; ಮಳೆ ಸುರಿದಾಗ ಸುಮಾರು 17 ಲಕ್ಷ ಲೀಟರ್ ನೀರು ಹಿಡಿಯುವ ಹೊಂಡ. ನಮ್ಮಲ್ಲಿ ಇದರ ವಿರುದ್ಧ ನಡೆದಿದೆ. ಹೊಂಡ ಮುಚ್ಚಿ ಅಂಗಳ ಮಾಡಿದ್ದೇವೆ. ನೀರಿನ ಆಡಳಿತಕ್ಕೆಂದೇ ಹದಿಮೂರನೆಯ ಶತಮಾನದಿಂದ ಅಲ್ಲಿ ಮಂಡಳಿಗಳಿವೆ. ಅವುಗಳಿಗೆ ಬೇರೆ ಚುನಾವಣೆ, ಬೇರೆ ತೆರಿಗೆ. ನಾನು ಮೂವತ್ತು ವರ್ಷ ಪೌರನೀತಿ ಪಾಠ ಹೇಳಿದವನು. ಇಂಥದೊಂದಿದೆಯೆಂದು ವಿದ್ಯಾರ್ಥಿನಿಯಿಂದ ತಿಳಿದುಕೊಂಡೆ.

2019ರ ಆಗಸ್ಟ್ ಬಂತು. ನಾನು ನಿವೃತ್ತನಾಗಿ ಎರಡು ತಿಂಗಳಾಗಿತ್ತು. ಅವಳು ಪ್ರಬಂಧ ಒಪ್ಪಿಸುವ ಅವಸರದಲ್ಲಿದ್ದಳು. ನವಿಲುತೀರ್ಥದ ಜಲಾಶಯ 37.73 ಟಿ.ಎಂ.ಸಿ. ನೀರು ಹಿಡಿಯುವಂಥದು, ತುಂಬುವುದೇ ಅಪರೂಪ. ಆದ್ದರಿಂದ ಕೆಳಗಿನ ನಮಗೆ ಮಲಪ್ರಭೆಯೆಂದರೆ ಬಡಕಲು ಹೊಳೆ ಎಂಬ ಸಲಿಗೆ. ಪಾತ್ರದೊಳಕ್ಕೇ ಕಬ್ಬು ಇಳಿದಿತ್ತು, ಮನೆಗಳೂ ಇಳಿದಿದ್ದವು. ಆ ವಾರ ಜಲಾಶಯಕ್ಕೆ ಬಂದ ನೀರನ್ನೆಲ್ಲ ಬಿಡಲೇಬೇಕಾಯಿತು. ರಾಮದುರ್ಗದ ತಗ್ಗಿನ ಓಣಿಗಳು ಮುಳುಗಿದವು. ನೇಕಾರರ ಮನೆಗಳಲ್ಲಿ ನೀರು ಮೊದಲು ಇಳಿದದ್ದು ಮಗ್ಗದ ಕುಣಿಗೆ. ಅರ್ಧ ನೇಯ್ದ ಸೀರೆ ಹಾಸಿನ ಸಮೇತ ಕೆಸರಾಯಿತು. ಮಣ್ಣಿನ ಗೋಡೆಗಳು ಎರಡು ದಿನ ತಡೆದು ಮೂರನೆಯ ದಿನ ಕುಸಿದವು.

“ಹುಡುಗಿಗೆ ಹೇಳಬ್ಯಾಡ್ರಿ ಗುರುಗಳ, ಪರೀಕ್ಷಾ ಐತಂತ” ಎಂದು ತಂದೆ ಪರಿಹಾರ ಕೇಂದ್ರದಲ್ಲಿ ನನ್ನ ಕೈ ಹಿಡಿದರು. ಅಷ್ಟರಲ್ಲಿ ಅವಳು ಮೊಬೈಲಿನಲ್ಲಿ ಎಲ್ಲವನ್ನೂ ನೋಡಿಯಾಗಿತ್ತು. ನನಗೆ ಫೋನು ಮಾಡಿದಳು. ಅಳುತ್ತಾಳೆಂದುಕೊಂಡಿದ್ದೆ. “ಸರ್, ಹನುಮಪ್ಪನ ಗುಡಿಯ ಎಷ್ಟನೇ ಪಾವಟಿಗಿಗೆ ನೀರು ಬಂದೈತ್ರಿ?” ಎಂದು ಕೇಳಿದಳು. ನೀರು ಇಳಿದ ಮೇಲೆ ಗೋಡೆಗಳ ಮೇಲೆ ಕೆಸರಿನ ಗೆರೆ ಉಳಿಯುತ್ತದೆ, ಜನ ತೊಳೆಯುವ ಮೊದಲೇ ಮನೆಮನೆಗೆ ಹೋಗಿ ಅಳೆದು ಬರೆದಿಡಿರಿ ಎಂದಳು. ನಾಲ್ವರು ಹುಡುಗರನ್ನು ಕರೆದುಕೊಂಡು ಹೊರಟೆ. ಟೇಪು, ನೂರು ಪುಟದ ನೋಟ್‌ಬುಕ್, ಒಂದು ಡಬ್ಬಿ ಸೀಮೆಸುಣ್ಣ. ಮೊದಲ ದಿನ ಜನ ಸಿಡುಕಿದರು. ಮನೆ ಹೋದ ಹೊತ್ತಿನಲ್ಲಿ ಮಾಸ್ತರು ಗೋಡೆ ಅಳೆಯುತ್ತ ಬಂದರೆ ಯಾರು ತಾನೆ ಸುಮ್ಮನಿದ್ದಾರು? ಎರಡನೆಯ ದಿನ ಹೆಂಗಸರೇ ಕರೆದು, “ನಮ್ಮ ಮನ್ಯಾಗ ಜಂತಿಗೆ ಮುಟ್ಟಿತ್ತು, ಬರಕೋರಿ” ಎಂದರು.

ಅವಳು ಸೆಪ್ಟೆಂಬರಿನಲ್ಲಿ ಓದು ಮುಗಿಸಿ ಬಂದಳು. ಇಲ್ಲಿಂದ ಮುಂದಿನದೇ ನಿಜವಾದ ತೊಡಕು.

ಡಚ್ಚರ ನಾಡಿನಲ್ಲಿ 1993ರಲ್ಲಿ, ಮತ್ತೆ 1995ರಲ್ಲಿ ನದಿಗಳು ಉಕ್ಕಿದವು. ಎರಡನೆಯ ಸಲ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ಆ ಬಳಿಕ ಅವರು ಒಡ್ಡುಗಳನ್ನು ಎತ್ತರಿಸುತ್ತಲೇ ಹೋಗುವುದನ್ನು ಬಿಟ್ಟು, ಮೂವತ್ತಕ್ಕೂ ಹೆಚ್ಚು ಕಡೆ ನದಿಗೇ ಜಾಗ ಬಿಟ್ಟುಕೊಟ್ಟರು. ನೈಮೆಗನ್ ನಗರದೆದುರು, ಲೆಂಟ್ ಎಂಬಲ್ಲಿ, ವಾಲ್ ನದಿಯ ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿದರು. ಅದಕ್ಕಾಗಿ ಸುಮಾರು ಐವತ್ತು ಮನೆಗಳನ್ನು ತೆಗೆಯಬೇಕಾಯಿತು. ಆ ಐವತ್ತು ಮನೆಗಳವರ ಜೊತೆ ಮಾತುಕತೆಗೇ ವರ್ಷಗಳು ಹಿಡಿದವು ಎಂಬುದನ್ನು ಅವಳು ಒತ್ತಿ ಹೇಳುತ್ತಾಳೆ. ನನಗೆ ಇದರಲ್ಲಿ ಕಂಡದ್ದು ಅವರ ಹಣಕ್ಕಿಂತ ಹೆಚ್ಚಾಗಿ ತಾಳ್ಮೆ. 2009ರ ಅಕ್ಟೋಬರಿನ ನೆರೆಯ ನಂತರ ನಮ್ಮ ಸರ್ಕಾರ ‘ಆಸರೆ’ ಎಂಬ ಯೋಜನೆಯಲ್ಲಿ ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಿಗೆ ಹೊಸ ಮನೆ ಕಟ್ಟಿಸಿತು. ಎಷ್ಟೋ ಮನೆಗಳಿಗೆ ಜನ ಹೋಗಲೇ ಇಲ್ಲ. ದನ ಕಟ್ಟಲು ಜಾಗವಿಲ್ಲ, ಹೊಲ ದೂರ. ಯಾರೂ ಕೇಳದೆ ಕಟ್ಟಿದ ಮನೆಗಳವು.

ಮನೆಯನ್ನು ಎತ್ತರದ ಜಾಗಕ್ಕೆ ಸಾಗಿಸೋಣವೆಂದು ಮಗಳು ಹೇಳಿದಳು. ತಂದೆ, “ಜಾಗಾ ಬ್ಯಾಂಕಿನ್ಯಾಗ ಐತೆಲ್ಲವಾ” ಎಂದರು. ನನಗೆ ಮಾತು ಹೊರಡಲಿಲ್ಲ. ಹೊಳೆಯಿಂದ ದೂರ ಸರಿಯಬೇಕೆಂಬ ವಿದ್ಯೆಯನ್ನು ಕೊಂಡ ಸಾಲವೇ ಆ ಮನೆಯನ್ನು ಹೊಳೆಯ ದಂಡೆಗೆ ಕಟ್ಟಿಹಾಕಿತ್ತು. ಸಾಲ ತೀರುವವರೆಗೆ ಮಾರುವಂತಿಲ್ಲ. ಮಾರಹೊರಟರೂ ಮುಳುಗಿದ ಜಾಗವನ್ನು ಕೊಳ್ಳುವವರು ಯಾರು?

ಹಾಗೆಂದು ಊರಲ್ಲೇ ನಿಂತು ಕೆಲಸ ಮಾಡೋಣವೆಂದರೆ ಅವಳ ಓದಿಗೆ ಇಲ್ಲಿ ಹುದ್ದೆಯಿಲ್ಲ. ನೀತಿ ಆಯೋಗ 2021ರಲ್ಲಿ ಹೊರತಂದ ವರದಿಯ ಪ್ರಕಾರ, ದೇಶದ 7,933 ಪಟ್ಟಣಗಳಲ್ಲಿ ಶೇ. 65ಕ್ಕೆ ಮಹಾಯೋಜನೆಯೇ ಇರಲಿಲ್ಲ. ರಾಜ್ಯಗಳ ಯೋಜನಾ ಇಲಾಖೆಗಳಲ್ಲಿ ಮಂಜೂರಾದ ನಗರ ಯೋಜಕರ ಹುದ್ದೆಗಳಲ್ಲಿ ಶೇ. 42 ಖಾಲಿ ಇದ್ದವು. ಸಂವಿಧಾನದ 74ನೆಯ ತಿದ್ದುಪಡಿ ನಗರ ಯೋಜನೆಯನ್ನು ಪುರಸಭೆಗಳ ಕೆಲಸಗಳ ಪಟ್ಟಿಯಲ್ಲಿ ಸೇರಿಸಿ ಮೂರು ದಶಕ ಕಳೆದಿವೆ. ಅದನ್ನೂ ನಾನೇ ಪಾಠ ಮಾಡಿದ್ದು. ಅವಳು ಬೆಂಗಳೂರಿನ ಒಂದು ಖಾಸಗಿ ಕಚೇರಿ ಸೇರಿದಳು, ಕಂತು ಕಟ್ಟತೊಡಗಿದಳು.

ಮನೆ ಪೂರ್ಣ ಬಿದ್ದದ್ದೆಂದು ದಾಖಲಾಗಿ, ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿ ಕಂತುಗಳಲ್ಲಿ ಬಂತು. ಅದೇ ಜಾಗದಲ್ಲಿ ಮನೆ ಎದ್ದಿತು. ಕುಣಿ ಬಿಟ್ಟು ಎತ್ತರದ ಮಗ್ಗ ಹಾಕೋಣವೆಂದರೆ ತಂದೆ ಒಪ್ಪಲಿಲ್ಲ. ಕುಣಿಯ ತೇವವಿದ್ದರೇ ನೂಲು ಹರಿಯುವುದಿಲ್ಲ. ಆ ಚರ್ಚೆಯಲ್ಲಿ ರಾಟರ್‌ಡ್ಯಾಮಿನ ಪದವಿಗಿಂತ ನಲವತ್ತು ವರ್ಷದ ಕಾಲು ಹೆಚ್ಚು ಬಲ್ಲದಾಗಿತ್ತು. ಕೊನೆಗೆ ನಮ್ಮ ನೋಟ್‌ಬುಕ್ಕಿನ ಅಳತೆ ನೋಡಿ ಪಾಯವನ್ನೇ ನಾಲ್ಕು ಅಡಿ ಏರಿಸಿ, ಅದರೊಳಗೆ ಕುಣಿ ಬಿಟ್ಟರು. 2019ರಷ್ಟು ನೀರು ಬಂದರೆ ಇದೂ ಸಾಲದು, ಹಾಸನ್ನು ಬಿಚ್ಚಿ ಮೇಲಕ್ಕಿಡಲು ಒಂದಷ್ಟು ಹೊತ್ತು ಸಿಗುತ್ತದೆ ಅಷ್ಟೆ ಎಂದು ಅವಳೇ ಹೇಳುತ್ತಾಳೆ. ಅಜ್ಜಿಗೆ ಮಾತ್ರ ಸಮಾಧಾನವಿಲ್ಲ: “ಆರು ಪಾವಟಿಗಿ ಹತ್ತಸಾಕ ಅಷ್ಟು ದೂರ ಹೋಗಿ ಕಲೀಬೇಕಿತ್ತೇನ ಇಕಿ?”

ರಜೆಗೆ ಬಂದಾಗಲೆಲ್ಲ ಅವಳು ಆ ನೋಟ್‌ಬುಕ್ ತೆಗೆದು ಓಣಿಗಳ ನಕ್ಷೆಯ ಮೇಲೆ ಒಂದೊಂದೇ ಮನೆಯ ಅಳತೆ ಗುರುತಿಸುತ್ತಾಳೆ. ಎದುರು ಸಾಲಿನಲ್ಲಿ ಎಂಟು ಮನೆಗಳು ಬಾಕಿ ಉಳಿದಿವೆ. ಬೀಗ ಹಾಕಿದ್ದರಿಂದ ಅಂದು ನಮಗೆ ಒಳಹೋಗಲಾಗಿರಲಿಲ್ಲ. ಆ ಸಾಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ತಿಳಿಸಿರಿ. ಗೋಡೆಗೆ ಹೊಸ ಬಣ್ಣ ಬಳಿದಿದ್ದರೂ ಚಿಂತೆಯಿಲ್ಲ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಕೈಯಿಟ್ಟು ತೋರಿಸುತ್ತಾರೆ.